ಬರೆದವರು ಯಾರಾದರೇನು?

ಮಳೆಗಾಲದ ಒಂದು ಮಧ್ಯಾಹ್ನ ಎಂಟನೆಯ ತರಗತಿಯಲ್ಲಿ ಮುದ್ದಣನ ‘ಅದ್ಭುತ ರಾಮಾಯಣ’ದ ಕಥೆಯನ್ನು ಹೇಳುತ್ತಿದ್ದೆನು. ಸಾವಿರ ತಲೆಗಳ ರಾವಣನೆದುರು ರಾಮನು ಮೂರ್ಛೆಹೋಗಲು, ಸೀತೆಯೇ ಕಾಳಿಯ ರೂಪವನ್ನು ತಳೆದು ಆ ರಕ್ಕಸನನ್ನು ಕೊಲ್ಲುವ ಕಥೆಯದು. ಘೋಡಬಂದರ್ ರಸ್ತೆಯ ವಾಹನಗಳ ಗದ್ದಲವೂ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ. ಬಳಿಕ ನಾನು ಕವಿಯ ವಿಚಾರಕ್ಕೆ ತಿರುಗಿದೊಡನೆ ಹಿಂದಿನ ಬೆಂಚಿನಿಂದೊಂದು ದನಿ ಬಂದಿತು: “ಸರ್, ಕಥೆ ಚೆನ್ನಾಗಿದೆ. ಬರೆದವರು ಯಾರಾದರೇನು?”

ಸಂಶೋಧನೆಯಿಂದ ಕಥೆಯ ಸವಿ ಕೆಡುವುದೆಂದು ದೊಡ್ಡವರೂ ಹೇಳುವುದುಂಟು. ತೇದಿಗಳ ಕಂತೆಯನ್ನೇ ವಿದ್ವತ್ತೆಂದು ಬಗೆದವರ ಪುಸ್ತಕಗಳನ್ನು ಓದಿ ನಾನೂ ತೂಕಡಿಸಿದ್ದೇನೆ. ಆದರೆ ಮುದ್ದಣನ ವಿಷಯದಲ್ಲಿ ಈ ಆಕ್ಷೇಪವು ನಿಲ್ಲದು.

ನಂದಳಿಕೆಯ ಲಕ್ಷ್ಮೀನಾರಣಪ್ಪನು (1870–1901) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದನು. ತಾನು ರಚಿಸಿದ ಕಾವ್ಯಗಳನ್ನು ಹಳೆಯ ಕಾಲದ ಕೃತಿಗಳೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸಿದನು. ಡ್ರಿಲ್ ಮಾಸ್ತರನ ಹಳಗನ್ನಡವನ್ನು ಪಂಡಿತರು ಲೆಕ್ಕಕ್ಕೆ ತೆಗೆದುಕೊಳ್ಳಲಾರರೆಂಬ ಅಳುಕಿತ್ತೋ ಏನೋ! ಕ್ಷಯರೋಗದಿಂದ ತೀರಿಕೊಂಡಾಗ ಆತನಿಗೆ 31 ವರ್ಷ. ಆ ವಯಸ್ಸನ್ನು ದಾಟಿಯೂ ಹಾಜರಿ ಪುಸ್ತಕದ ಹೊರತು ಹೆಚ್ಚೇನನ್ನೂ ಬರೆಯದ ನನಗೆ ಇದನ್ನು ನೆನೆದಾಗ ನಾಚಿಕೆಯಾಗುತ್ತದೆ. ಆಪ್ತರು ಬಲ್ಲ ಗುಟ್ಟನ್ನು ವಿದ್ವಾಂಸರು ಬೆನ್ನಟ್ಟಿ ಹೋಗದಿದ್ದರೆ, ಆ ಬಡ ಶಿಕ್ಷಕನ ಶ್ರಮವು ಎಂದೂ ಇಲ್ಲದ ಯಾವನೋ ಪ್ರಾಚೀನ ಕವಿಯ ಪಾಲಾಗುತ್ತಿತ್ತು. ಇದು ಸವಿ ಕೆಡಿಸುವ ಕೆಲಸವೇ?

ಇನ್ನೊಂದು ಮಾತು. ‘ಶ್ರೀ ರಾಮಾಶ್ವಮೇಧ’ದಲ್ಲಿ ಕಥೆ ಕೇಳುವ ಮನೋರಮೆ ಸುಮ್ಮನೆ ಕುಳಿತವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಅರ್ಥವಾಗದ ಸಂಸ್ಕೃತವನ್ನು ಹಾಸ್ಯಮಾಡುತ್ತಾಳೆ. ನಡುನಡುವೆ ತಡೆದು ಕೇಳುತ್ತಾಳೆ. ಮುದ್ದಣನ ಮೊದಲ ವಿಮರ್ಶಕಿ ಆಕೆಯೇ ಎಂದು ನಾನು ಬಗೆಯುತ್ತೇನೆ. ಆಕೆಯ ಪ್ರಶ್ನೆಗಳಿಂದ ಕಥೆ ಕುಂದಿತೆಂದು ಇದುವರೆಗೆ ಯಾರೂ ದೂರಿಲ್ಲ. ನಿಜಜೀವನದಲ್ಲಿ ಕವಿಯ ಪತ್ನಿಯ ಹೆಸರು ಕಮಲಾ ಎಂದು ತಿಳಿದ ಮೇಲಂತೂ ಆ ಸರಸ ಸಂಭಾಷಣೆ ನನಗೆ ಮತ್ತಷ್ಟು ಹತ್ತಿರವಾಯಿತು.

ಹಿಂದಿನ ಬೆಂಚಿನ ಆ ಮಿತ್ರನಿಗೆ ಇಷ್ಟನ್ನೂ ಹೇಳಿದೆನು. ಅವನು ಒಪ್ಪಿದಂತೆ ಕಾಣಲಿಲ್ಲ. ಮನೆಯಲ್ಲಿ ಕೇಳಿದ ಒಂದು ಕಥೆಯನ್ನೂ ಅದನ್ನು ಹೇಳಿದವರ ಹೆಸರು, ಊರುಗಳನ್ನೂ ಬರೆದು ತರಬೇಕೆಂದು ತರಗತಿಗೆಲ್ಲ ತಿಳಿಸಿದೆನು. ಸೋಮವಾರ ಅವನು ಏಳು ತಲೆಯ ಹಾವಿನ ಕಥೆಯನ್ನು ತಂದನು. ಕೆಳಗೆ ಅಜ್ಜಿಯ ಹೆಸರಿರಲಿಲ್ಲ. “ಅಜ್ಜಿ ಅಂತಲೇ ಕರೆಯುವುದು, ಸರ್. ಅಪ್ಪನನ್ನು ಕೇಳಿ ನಾಳೆ ಬರೆಯುತ್ತೇನೆ” ಎಂದನು.