ಅಟ್ಟದ ಮೇಲಿನ ಇತಿಹಾಸ

ಹಬ್ಬವು ಸಮೀಪಿಸಿತೆಂದರೆ ಅಟ್ಟವನ್ನು ಗುಡಿಸುವುದು ನಮ್ಮ ಮನೆಗಳ ವಾಡಿಕೆ. ಆಗ ಕೆಳಗಿಳಿಯುವ ತಕಲಿ, ಮಾಸಿದ ಖಾದಿಯ ಟೊಪ್ಪಿಗೆ, ನಗ್ಗಿದ ತಾಮ್ರದ ಕೊಡ, ಸೆರೆಮನೆಯಿಂದ ಬಂದ ಕಾಗದ ಇವೆಲ್ಲವೂ ನಿರುಪಯುಕ್ತವೆಂದು ಗುಜರಿಯವನ ತಕ್ಕಡಿಯನ್ನೇರುತ್ತಿರುವುದನ್ನು ಕಂಡು ನಾವು ವ್ಯಸನಪಡುತ್ತೇವೆ. ತಕ್ಕಡಿಯು ತಾಮ್ರದ ತೂಕವನ್ನು ಬಲ್ಲುದು, ತ್ಯಾಗದ ತೂಕವನ್ನರಿಯದು.

ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿರಿ. 1930ನೆಯ ಏಪ್ರಿಲಿನಲ್ಲಿ ಅಂಕೋಲೆಯ ಜನರು ಉಪ್ಪಿನ ಕಾಯದೆಯನ್ನು ಮುರಿದರು. ಅನಂತರದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಭೂಮಿಯನ್ನಲ್ಲದೆ ಮನೆಯ ಪಾತ್ರೆಪದಾರ್ಥಗಳನ್ನೂ ಜಪ್ತಿಗೆ ತೆತ್ತರು. ಕರವನ್ನು ಮಾತ್ರ ತೆರಲಿಲ್ಲ. 1932ರಲ್ಲಿ ಮಾವಿನಗುಂಡಿಯ ಸತ್ಯಾಗ್ರಹಕ್ಕೆ ಹೆಂಗಸರೇ ಮುಂದಾದರು. ಜಪ್ತಾದ ಸೊತ್ತನ್ನು ಕೊಂಡವರ ಮನೆಯೆದುರು ಉಪವಾಸ ಕುಳಿತರು. ಇಂಥ ಸೀಮೆಯಲ್ಲಿ ಜಪ್ತಿಗೆ ಸಿಕ್ಕದೆ ಉಳಿದ ಹಂಡೆಯೊಂದು ಬರಿಯ ಹಂಡೆಯೇ?

ಇದೆಲ್ಲವೂ ಸರಕಾರದ ದಫ್ತರಗಳಲ್ಲಿ ಇದೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಇರಬಹುದು. ಆದರೆ ಆ ದಫ್ತರವು ಜಪ್ತಿ ಮಾಡಲು ಬಂದವರು ಬರೆದ ಲೆಕ್ಕ. ಪಾತ್ರೆಗಳು ಹೋದ ರಾತ್ರಿ ಆ ಮನೆಯ ತಾಯಿಯು ಮಕ್ಕಳಿಗೆ ಯಾವುದರಲ್ಲಿ ಗಂಜಿ ಕಾಯಿಸಿದಳೆಂಬುದು ಅದರಲ್ಲಿ ದೊರೆಯದು. ಅದನ್ನು ಹೇಳಬಲ್ಲುದು ಆ ಮನೆಯೊಂದೇ.

ಆದರೆ ವಸ್ತುವಿಗೆ ಬಾಯಿಲ್ಲ. ಹೆಸರು, ಊರು, ವರ್ಷಗಳು ಮರೆತುಹೋದ ದಿನ ಸತ್ಯಾಗ್ರಹಿಯ ತಕಲಿಯೂ ಸಂತೆಯ ತಕಲಿಯೂ ಒಂದೇ. ಉಪ್ಪಿನ ಸತ್ಯಾಗ್ರಹಕ್ಕೆ 2030ರಲ್ಲಿ ನೂರು ವರ್ಷ ತುಂಬುವುದು. ಅದರಲ್ಲಿ ಕೂಡಿದ್ದವರು ಗತಿಸಿದರು. ಅವರ ಬಾಯಿಂದ ಕೇಳಿದ ಮಕ್ಕಳೂ ಈಗ ಮುಪ್ಪಿನವರು. ಅವರೊಡನೆ ಮಾತೂ ಅಳಿದರೆ ಮತ್ತೆ ದೊರಕಿಸುವವರಾರು?

ಆದುದರಿಂದ ಕನ್ನಡಿಗರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಮಾರುವ ಮುನ್ನ ಮನೆಯ ಹಿರಿಯರನ್ನು ಕೇಳಿರಿ. ವಸ್ತುವು ಯಾರದು, ಎಲ್ಲಿಯದು, ಯಾವ ವರ್ಷದ್ದು, ಹೇಳಿದವರಾರು ಎಂಬುದನ್ನು ಕಾಗದದ ಮೇಲೆ ಬರೆದು ಅದರೊಡನೆ ಇಡಿರಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯಿರಿ. ಅಭಿಮಾನದಿಂದ ಹೆಚ್ಚಿಸಿ ಬರೆದರೆ ಹಿರಿಯರಿಗೆ ಅಪಚಾರವಾದೀತು. ಬರೆದುದರ ಪ್ರತಿಯೊಂದು ಊರಿನ ಗ್ರಂಥಾಲಯದಲ್ಲಿಯೂ ಶಾಲೆಯಲ್ಲಿಯೂ ಇರಲಿ. ಊರವರು ತರುವ ಇಂಥ ಬರಹಗಳನ್ನು ಸ್ವೀಕರಿಸಿ ಕಾಪಾಡುವುದು ಆ ಸಂಸ್ಥೆಗಳ ಕರ್ತವ್ಯವೂ ಹೌದು.

ಇದಕ್ಕೆ ಹಣ ಬೇಕಿಲ್ಲ, ಸರಕಾರದ ಅಪ್ಪಣೆ ಬೇಕಿಲ್ಲ. ಹಿರಿಯರು ಸರ್ವಸ್ವವನ್ನೂ ತೆತ್ತರು. ನಾವು ಒಂದು ಸಂಜೆಯ ಹೊತ್ತನ್ನಾದರೂ ತೆರಬಾರದೇ?