ಮೆಟ್ಟಿಲೆಷ್ಟು ಎಂದು ಕೇಳಿರಿ

ವಾಚಕ ಮಹನೀಯರೊಬ್ಬರು ಹಾಸನದಿಂದ ಪತ್ರ ಬರೆದಿದ್ದಾರೆ. ಅವರ ಮಗ ಜರ್ಮನಿಯಲ್ಲಿ ಇಂಜಿನಿಯರನಂತೆ. ಬರುವ ಬೇಸಗೆಯಲ್ಲಿ ತಂದೆತಾಯಿಗಳನ್ನು ಕರೆಸಿಕೊಂಡು, ತನ್ನ ಕಾರಿನಲ್ಲಿಯೇ ಇಟಲಿಯ ಕಡಲ ಕರೆಗೆ ಕರೆದೊಯ್ಯಬೇಕೆಂದಿದ್ದಾನಂತೆ. “ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವ, ಬೆಟ್ಟದ ಮೈಗೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳ ಆ ಹಳ್ಳಿಗಳನ್ನು ತಾವು ಕಂಡು ಬಂದುದಾಗಿ ಹಿಂದೊಮ್ಮೆ ಬರೆದ ನೆನಪು. ಅಲ್ಲಿ ಕಾರನ್ನು ನಿಲ್ಲಿಸುವುದೆಲ್ಲಿ? ಇಳಿದುಕೊಳ್ಳುವುದೆಲ್ಲಿ? ನನ್ನಾಕೆಗೆ ಮೊಣಕಾಲ ನೋವು ಉಂಟು. ಅದನ್ನೂ ಗಮನಿಸಿ ತಿಳಿಸುವಿರಾ?” ಎಂದು ಕೇಳಿದ್ದಾರೆ.

ಕೊನೆಗೆ ಬರೆದ ಆ ಮಾತನ್ನು ಅವರು ಮೊದಲೇ ಬರೆಯಬೇಕಾಗಿತ್ತು. ಆ ಊರುಗಳಲ್ಲಿ ಕಾರಿನ ಪ್ರಶ್ನೆಗೂ ಬಿಡಾರದ ಪ್ರಶ್ನೆಗೂ ಉತ್ತರ ಹೇಳಬೇಕಾದುದು ಮೊಣಕಾಲೇ. ಇದನ್ನು ನಾನು ಪುಸ್ತಕ ಓದಿ ತಿಳಿದುಕೊಂಡವನಲ್ಲ. ಹೆತ್ತ ತಾಯಿಯನ್ನು ಸರಿರಾತ್ರಿಯಲ್ಲಿ ಕಲ್ಲು ಮೆಟ್ಟಿಲ ಮೇಲೆ ಕೂರಿಸಿ ಕಲಿತುಕೊಂಡವನು.

ಮೊದಲು ಸ್ಥಳದ ಪರಿಚಯ. ಇಟಲಿಯ ವಾಯವ್ಯಕ್ಕೆ, ಲಿಗೂರಿಯಾ ಪ್ರಾಂತದಲ್ಲಿ, ಜೆನೋವಾ ಮತ್ತು ಲಾ ಸ್ಪೇತ್ಸಿಯಾ ಎಂಬ ಎರಡು ರೇವು ಪಟ್ಟಣಗಳ ನಡುವೆ ‘ಚಿಂಕ್ವೆ ತೆರ್ರೆ’ ಎಂಬ ಸೀಮೆ ಇದೆ. ಐದು ನಾಡು ಎಂದು ಆ ಹೆಸರಿನ ಅರ್ಥ. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲಾ, ರಿಯೊಮಜ್ಜೋರೆ—ಇವು ಆ ಐದು ಊರುಗಳು. ಬೆಟ್ಟವು ನೇರವಾಗಿ ಸಮುದ್ರಕ್ಕೆ ಇಳಿಯುವ ಕಡೆ, ಹಳ್ಳ ಹರಿದು ಕೊರೆದ ಕಣಿವೆಯ ಬಾಯಲ್ಲೋ ಬಂಡೆಯ ನೆತ್ತಿಯಲ್ಲೋ ಒಂದೊಂದೂ ಕುಳಿತಿದೆ. 1874ರಲ್ಲಿ ಜೆನೋವಾದಿಂದ ಲಾ ಸ್ಪೇತ್ಸಿಯಾಕ್ಕೆ ರೈಲುಮಾರ್ಗ ಪೂರ್ತಿಯಾಗುವವರೆಗೂ ಹೊರಲೋಕಕ್ಕೆ ಇವುಗಳ ದಾರಿ ಎರಡೇ: ಒಂದು ದೋಣಿ, ಇನ್ನೊಂದು ಕತ್ತೆಯ ಜಾಡು. ಮೋಟಾರು ರಸ್ತೆ ಬಂದದ್ದು ಅದಕ್ಕೂ ಬಹಳ ಈಚೆಗೆ. ಅದು ಬಂದರೂ ಬೆಟ್ಟದ ಮೇಲಿನ ಅಂಚಿನಲ್ಲಿಯೇ ಹಾದುಹೋಗುತ್ತದೆ. ಊರಿನೊಳಕ್ಕೆ ಇಳಿಯಲು ಅದಕ್ಕೆ ಜಾಗವಿಲ್ಲ.

ಒಂದಿಷ್ಟು ನೆಲ ಸಮ ಮಾಡಿ ನಾಲ್ಕು ಕಾರು ನಿಲ್ಲಿಸುವ ಅನುಕೂಲ ಮಾಡಬಾರದೇ ಎಂದು ನನ್ನ ತಮ್ಮ ಅಲ್ಲಿ ಗೊಣಗಿದ್ದುಂಟು. ಆದರೆ ಆ ಬೆಟ್ಟಗಳಲ್ಲಿ ಸಮವಾದ ನೆಲವೆಂಬುದು ದೇವರು ಕೊಟ್ಟದ್ದಲ್ಲ. ಶತಮಾನಗಳ ಕಾಲ ಜನರು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ಮಾಡಿಕೊಂಡದ್ದು. ಆ ಪಟ್ಟೆಗಳಲ್ಲಿಯೇ ಅವರ ದ್ರಾಕ್ಷಿಯ ಬಳ್ಳಿ, ಆಲಿವ್ ಮರ, ನಿಂಬೆಯ ಗಿಡ. ಮೇಲಿನ ಗೋಡೆಯ ಭಾರವನ್ನು ಕೆಳಗಿನ ಗೋಡೆ ತಡೆದಿದೆ. ಒಂದನ್ನು ಕೆಡವಿದರೆ ಇನ್ನೊಂದು ಜಾರುತ್ತದೆ. 1997ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. 2011ರ ಅಕ್ಟೋಬರ್ 25ರಂದು ಸುರಿದ ಒಂದೇ ದಿನದ ಮಳೆಗೆ ಬೆಟ್ಟದ ಮಣ್ಣು ಕುಸಿದು, ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳ ಬೀದಿಗಳಲ್ಲಿ ಕೆಸರು ತುಂಬಿ ಹರಿಯಿತು, ಪ್ರಾಣಹಾನಿಯೂ ಆಯಿತು. ಸಾಗುವಳಿ ಬಿಟ್ಟು ಪಾಳುಬಿದ್ದ ಪಟ್ಟೆಗಳು ಇಂಥ ಕುಸಿತಕ್ಕೆ ಸುಲಭದ ತುತ್ತು. ಅಂಥ ನೆಲವನ್ನು ಕಾರಿಗಾಗಿ ಅಗೆಯಿರಿ ಎಂದು ಹೇಳುವ ಬಾಯಿ ಯಾರಿಗಿದ್ದೀತು?

ಇದೆಲ್ಲವೂ ನಮಗೆ ಆಮೇಲೆ ಹೊಳೆದ ವಿವೇಕ. 2023ರ ಜೂನ್ ತಿಂಗಳಲ್ಲಿ ನಾನು, ನನ್ನ ತಾಯಿ, ಜರ್ಮನಿಯಲ್ಲಿ ಕೆಲಸದಲ್ಲಿರುವ ತಮ್ಮ, ಮೂವರೂ ಆಲ್ಪ್ಸ್ ಪರ್ವತವನ್ನು ದಾಟಿ ಇಳಿದಾಗ ನಮ್ಮಲ್ಲಿ ಇದ್ದುದು ಉತ್ಸಾಹ ಒಂದೇ. ವೆರ್ನಾತ್ಸಾದಲ್ಲಿ ಒಂದು ಕೋಣೆ ಗೊತ್ತು ಮಾಡಿದ್ದೆವು. ‘ಕಡಲು ಕಾಣುವ ಕೋಣೆ, ವಾಹನ ನಿಲ್ಲಿಸುವ ಸ್ಥಳ ಹತ್ತಿರದಲ್ಲಿದೆ’ ಎಂದು ಅದರ ವರ್ಣನೆ. ಎರಡೂ ಸುಳ್ಳಲ್ಲ. ಕಡಲು ಕಾಣುತ್ತಿತ್ತು, ಏಕೆಂದರೆ ಕೋಣೆ ಅಷ್ಟು ಎತ್ತರದಲ್ಲಿತ್ತು. ವಾಹನದ ಸ್ಥಳವೂ ಹತ್ತಿರದಲ್ಲಿತ್ತು, ಹಾರಿ ಹೋಗುವ ಹಕ್ಕಿಗೆ.

ಬೆಟ್ಟದ ತಿರುವುಗಳನ್ನು ಒಂದೊಂದಾಗಿ ಇಳಿದು ಬರುವಾಗ ಹೊತ್ತು ಮುಳುಗಿತ್ತು. ಊರಿಗೆ ಒಂದು ಕಿಲೋಮೀಟರಿನಷ್ಟು ಮೇಲೆಯೇ ಇರುವ ಕಾರುಗಳ ತಂಗುದಾಣ ಭರ್ತಿಯಾಗಿತ್ತು. ಅದರಿಂದ ಮುಂದಕ್ಕೆ ಹೊರಗಿನವರ ವಾಹನಕ್ಕೆ ಪ್ರವೇಶವಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ಬೆಟ್ಟ ಹತ್ತಿ, ಮತ್ತೆ ಇಳಿದು, ಮೊಂತೆರೊಸ್ಸೊ ತಲುಪಿ, ಅಲ್ಲಿ ಹಣ ತೆತ್ತು ಕಾರನ್ನು ಬಿಟ್ಟು, ಒಂದು ನಿಲ್ದಾಣದ ರೈಲುಪ್ರಯಾಣ ಮಾಡಿ ವೆರ್ನಾತ್ಸಾದಲ್ಲಿ ಇಳಿದಾಗ ರಾತ್ರಿ ಹತ್ತು ಗಂಟೆ ದಾಟಿತ್ತು. ತಮ್ಮ ತನ್ನ ದೂರವಾಣಿಯ ನಕಾಶೆಯನ್ನು ಹಿಡಿದು, “ಇನ್ನೇನಮ್ಮ, ಇನ್ನೂರು ಮೀಟರು ಅಷ್ಟೆ” ಎಂದ.

ನಕಾಶೆ ಊರನ್ನು ಹಾಳೆಯಂತೆ ಹಾಸಿ ತೋರಿಸುತ್ತದೆ. ಆ ಊರೋ ಏಣಿಯಂತೆ ನಿಂತಿದೆ. ನಿಲ್ದಾಣದಿಂದ ರೇವಿನ ಕಡೆಗೆ ಹೋಗುವ ಬೀದಿಯೊಂದನ್ನು ಬಿಟ್ಟರೆ, ಎರಡು ಮಗ್ಗುಲಿನ ಓಣಿಗಳೆಲ್ಲ ಮೆಟ್ಟಿಲುಗಳೇ. ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಒಂದು ಮೆಟ್ಟಿಲು ಗೇಣೆತ್ತರ, ಮುಂದಿನದು ಅದಕ್ಕಿಂತ ಎತ್ತರ. ಗಾಲಿಯಿರುವ ಪೆಟ್ಟಿಗೆಗಳು ಅಲ್ಲಿ ಬರಿಯ ಭಾರ. ಅರುವತ್ತೋ ಎಪ್ಪತ್ತೋ ಮೆಟ್ಟಿಲಾಗುವ ಹೊತ್ತಿಗೆ ಅಮ್ಮ ಗೋಡೆ ಹಿಡಿದು ಮೆಲ್ಲಗೆ ಕುಳಿತುಬಿಟ್ಟರು. “ನೀವಿಬ್ಬರೂ ಹೋಗಿ ಮಲಗಿಕೊಳ್ಳಿರಪ್ಪ. ನಾನು ಇಲ್ಲಿಯೇ ಬೆಳಗು ಮಾಡುತ್ತೇನೆ. ಶ್ರವಣಬೆಳಗೊಳದಲ್ಲಾದರೆ ಡೋಲಿಯಾದರೂ ಇತ್ತು” ಎಂದರು. ತಮಾಷೆಯ ಮಾತೇ, ಆದರೆ ಹೇಳುವಾಗ ಅವರ ಕೈ ಮಂಡಿಯ ಮೇಲಿತ್ತು, ಮುಖ ಬಿಳಿಚಿತ್ತು. ಊರು ಗೊತ್ತಿಲ್ಲ, ಭಾಷೆ ಬಾರದು, ಮೇಲಕ್ಕೆ ಹೋಗುವಂತಿಲ್ಲ, ಕೆಳಗೆ ಇಳಿದರೆ ಕೋಣೆಯಿಲ್ಲ. ಇಬ್ಬರು ಬೆಳೆದ ಗಂಡುಮಕ್ಕಳು ಬೆಪ್ಪಾಗಿ ನಿಂತೆವು.

ಆಗ ಪಕ್ಕದ ಬಾಗಿಲು ತೆರೆಯಿತು. ಹೊರಗೆ ಬಂದ ಮುದುಕಿಗೆ ಎಂಬತ್ತರ ಮೇಲಾಗಿರಬೇಕು. ನಮ್ಮನ್ನು ಕೇಳಲಿಲ್ಲ, ಒಳಗೆ ಹೋಗಿ ಒಂದು ಕುರ್ಚಿ ತಂದಿಟ್ಟಳು, ನೀರು ತಂದಳು. ಬಳಿಕ ತನ್ನ ಮಂಡಿಯನ್ನು ತಟ್ಟಿ ತೋರಿಸಿ, ಮೇಲಿನ ಮೆಟ್ಟಿಲುಗಳ ಕಡೆ ಕೈಯೆತ್ತಿ, ಅವುಗಳನ್ನು ಬೈಯುವಂತೆ ಏನೋ ಹೇಳಿದಳು. ಅಮ್ಮನಿಗೆ ಇಟಾಲಿಯನ್ ಒಂದಕ್ಷರವೂ ಬಾರದು. ಆದರೂ, “ಹೌದು ತಾಯಿ, ನಿಮಗೂ ಅಷ್ಟೇ ಅನ್ನಿ” ಎಂದು ಕನ್ನಡದಲ್ಲಿಯೇ ಉತ್ತರ ಕೊಟ್ಟರು. ಅರ್ಧ ಗಂಟೆಯ ಕಾಲ ಈ ಸಂಭಾಷಣೆ ನಡೆಯಿತು. ನಂತರ ನಾನು ಒಂದು ತೋಳು, ತಮ್ಮ ಒಂದು ತೋಳು ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಸೇರಿದೆವು. ಆ ರಾತ್ರಿ ಕಿಟಕಿಯಲ್ಲಿ ಕಡಲು ಕಂಡಿತೋ ಇಲ್ಲವೋ ನಾವು ನೋಡಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಬರಿಯ ಪಶ್ಚಾತ್ತಾಪವಲ್ಲ. ಆ ಮುದುಕಿ ದಿನವೂ ರೊಟ್ಟಿಗೆ, ಔಷಧಿಗೆ, ದೇವಾಲಯಕ್ಕೆ ಅದೇ ಮೆಟ್ಟಿಲು ಇಳಿದು ಹತ್ತಬೇಕಲ್ಲವೇ? ನಾವು ಎರಡು ದಿನದ ಅತಿಥಿಗಳು. ನಮಗೆ ಅದು ಚಿತ್ರ, ಅವಳಿಗೆ ಅದು ಬದುಕು. ಅವಳ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಬಾಡಿಗೆ ಕೋಣೆಯ ಫಲಕಗಳಿದ್ದವು. ನಡುರಾತ್ರಿ ಪೆಟ್ಟಿಗೆಗಳನ್ನು ದಡದಡ ಎಳೆದು ತರುವ ನಮ್ಮಂಥವರನ್ನು ಅವಳು ಎಷ್ಟು ಜನರನ್ನು ಕಂಡಿರಬೇಡ! ಆದರೂ ಕುರ್ಚಿ ತಂದಳು. ಅಂಥ ಊರಿಗೆ ಹೋಗುವವನು ಕನಿಷ್ಠ ಪಕ್ಷ ಭಾರವಾಗದಂತೆ ಹೋಗಬೇಕು.

ಮರುದಿನ ಬಿಡಾರವನ್ನು ಲಾ ಸ್ಪೇತ್ಸಿಯಾಕ್ಕೆ ಬದಲಾಯಿಸಿದೆವು. ಅದು ದೊಡ್ಡ ಪಟ್ಟಣ. ರೈಲುನಿಲ್ದಾಣದ ಬಳಿಯಲ್ಲಿಯೇ ಕಾರುಗಳಿಗೆ ವಿಶಾಲವಾದ ತಂಗುದಾಣವಿದೆ, ಲಿಫ್ಟು ಇರುವ ಹೋಟೆಲುಗಳಿವೆ. ಅಲ್ಲಿಂದ ರಿಯೊಮಜ್ಜೋರೆಗೆ ರೈಲಿನಲ್ಲಿ ಹತ್ತು ನಿಮಿಷದೊಳಗಿನ ದಾರಿ. ಐದು ಊರುಗಳಿಗೂ ಒಂದೇ ಮಾರ್ಗ. ದಿನವಿಡೀ ಹತ್ತಿ ಇಳಿಯಲು ಒಂದೇ ರಹದಾರಿ ಚೀಟಿಯೂ ದೊರೆಯುತ್ತದೆ. ಕಾರು ಮೂರು ದಿನ ವಿಶ್ರಾಂತಿ ಪಡೆಯಿತು. ಅಮ್ಮ ವೆರ್ನಾತ್ಸಾಕ್ಕೆ ಮತ್ತೆ ರೈಲಿನಲ್ಲಿ ಬಂದು, ಕೈಚೀಲವೊಂದನ್ನೇ ಹಿಡಿದು, ಇಳಿಜಾರು ಬೀದಿಯಲ್ಲಿ ನಿಧಾನವಾಗಿ ನಡೆದು, ರೇವಿನ ಕಟ್ಟೆಯ ಮೇಲೆ ಸಂಜೆಯವರೆಗೂ ಕುಳಿತು ಕಡಲು ನೋಡಿದರು. ಹಿಂದಿನ ರಾತ್ರಿಯ ಅದೇ ಊರೇ ಇದು ಎಂದರೆ ನಂಬಲಾಗುತ್ತಿರಲಿಲ್ಲ.

ಇನ್ನು ಪತ್ರ ಬರೆದ ಮಹನೀಯರಿಗೆ ನೇರವಾದ ಉತ್ತರ. ಕಾರನ್ನು ಲಾ ಸ್ಪೇತ್ಸಿಯಾದಲ್ಲಿ ಬಿಡಿ. ಇಲ್ಲವೇ ಇನ್ನೊಂದು ತುದಿಯಲ್ಲಿ, ಮೊಂತೆರೊಸ್ಸೊದ ನೆರೆಯ ನಿಲ್ದಾಣವಾದ ಲೇವಂತೊದಲ್ಲಿ ಬಿಡಿ. ಎರಡು ಕಡೆಯೂ ಊರು ಬಹುಮಟ್ಟಿಗೆ ಸಮತಟ್ಟು, ವಸತಿಯೂ ಸಿಕ್ಕುತ್ತದೆ. ಐದು ಊರುಗಳೊಳಗೇ ತಂಗಬೇಕೆಂಬ ಆಸೆಯಿದ್ದರೆ ಮೊಂತೆರೊಸ್ಸೊದ ಹೊಸ ಭಾಗವಾದ ಫೆಜೀನಾ ನಿಮಗೆ ತಕ್ಕುದು. ನಿಲ್ದಾಣವೂ ಕಡಲ ತೀರವೂ ಒಂದೇ ಮಟ್ಟದಲ್ಲಿವೆ. ಕೊರ್ನೀಲ್ಯದಲ್ಲಿ ಮಾತ್ರ ಕೋಣೆ ಹಿಡಿಯಬೇಡಿ. ಅದು ಕಡಲಿನಿಂದ ನೂರು ಮೀಟರಿನಷ್ಟು ಎತ್ತರದಲ್ಲಿದೆ. ನಿಲ್ದಾಣದಿಂದ ಮೇಲಕ್ಕೆ ಮುನ್ನೂರ ಎಪ್ಪತ್ತಕ್ಕೂ ಮಿಕ್ಕಿ ಮೆಟ್ಟಿಲುಗಳು. ಪುಟ್ಟ ಬಸ್ಸೊಂದು ಓಡಾಡುವುದಾದರೂ ಅದನ್ನೇ ನಂಬಿ ಸಾಮಾನು ಸಾಗಿಸುವುದು ಕಷ್ಟ.

ಎಲ್ಲಿಯೇ ಕೋಣೆ ಹಿಡಿಯಿರಿ, ಹಣ ಕಳಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: “ಕ್ವಾಂತಿ ಗ್ರಾದೀನಿ?” ಮೆಟ್ಟಿಲೆಷ್ಟು ಎಂದು ಅದರ ಅರ್ಥ. ದೂರವೆಷ್ಟು ಎಂದು ಕೇಳಿದರೆ ಮೀಟರಿನ ಲೆಕ್ಕ ಹೇಳುತ್ತಾರೆ. ಅದು ನಿಮಗೆ ಬೇಡ. ವಾಹನವೋ ರೈಲೋ ನಿಂತ ಜಾಗದಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು ಎಂಬುದನ್ನು ಬರಹದಲ್ಲಿಯೇ ಪಡೆಯಿರಿ. ನಮಗೆ ಕೋಣೆ ಕೊಟ್ಟವರು ಮರೆಮಾಚಿದರೆಂದು ಮೊದಲು ಸಿಟ್ಟು ಬಂದಿತ್ತು. ಯೋಚಿಸಿದರೆ, ನಾವು ಕೇಳಿಯೇ ಇರಲಿಲ್ಲ. ಹುಟ್ಟಿದಂದಿನಿಂದ ಮೆಟ್ಟಿಲ ಮೇಲೆಯೇ ಬೆಳೆದವರಿಗೆ ಅದು ಹೇಳತಕ್ಕ ವಿಷಯವೆಂದು ತೋರುವುದೂ ಇಲ್ಲ.

ಕಾರಿನ ವಿಷಯದಲ್ಲಿ ಇನ್ನೆರಡು ಮಾತು. ಇಟಲಿಯ ರಸ್ತೆಬದಿಯಲ್ಲಿ ಬಿಳಿಯ ಗೆರೆಯೊಳಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಹಣವಿಲ್ಲ, ನೀಲಿ ಗೆರೆಗೆ ಹಣ ಕೊಡಬೇಕು, ಹಳದಿ ಗೆರೆ ಅಂಗವಿಕಲರು ಮೊದಲಾದವರಿಗೆ ಮೀಸಲು. ಹಳೆಯ ಊರುಗಳ ಬಾಯಲ್ಲಿ ಕೆಂಪು ಅಂಚಿನ ಬಿಳಿಯ ವೃತ್ತವೂ ‘ತ್ಸೋನಾ ಆ ತ್ರಾಫಿಕೊ ಲಿಮಿತಾತೊ’ ಎಂಬ ಬರಹವೂ ಕಂಡರೆ ಅಲ್ಲಿಗೆ ನಿಂತುಬಿಡಿ. ಅದು ಅನುಮತಿಯಿಲ್ಲದ ವಾಹನಗಳಿಗೆ ನಿಷಿದ್ಧ ವಲಯ. ತಡೆಯಲು ಪೋಲೀಸಿನವನಿರುವುದಿಲ್ಲ, ಕ್ಯಾಮರಾ ನಿಮ್ಮ ಸಂಖ್ಯೆಯನ್ನು ಮೌನವಾಗಿ ಬರೆದಿಟ್ಟುಕೊಳ್ಳುತ್ತದೆ. ಬಿಡಾರ ಆ ವಲಯದೊಳಗೆ ಇದ್ದರೆ, ನಿಮ್ಮ ಕಾರಿನ ಸಂಖ್ಯೆಯನ್ನು ನಗರಸಭೆಗೆ ತಿಳಿಸಲು ಸಾಧ್ಯವೇ ಎಂದು ಹೋಟೆಲಿನವರನ್ನು ಮೊದಲೇ ವಿಚಾರಿಸಿ. ವಿದೇಶದಲ್ಲಿ ವಾಸಿಸುವವರಿಗೆ ದಂಡದ ನೋಟೀಸು ಕಳಿಸಲು ಅಲ್ಲಿಯ ಕಾನೂನಿನಲ್ಲಿ 360 ದಿನಗಳ ಅವಕಾಶ ಉಂಟು. ನನ್ನ ತಮ್ಮನಿಗೆ ಅಂಥದೊಂದು ಲಕೋಟೆ, ಪ್ರವಾಸದ ಆನಂದವನ್ನು ನೆನಪಿಸಿಕೊಳ್ಳುತ್ತಿದ್ದ ಚಳಿಗಾಲದ ಒಂದು ದಿನ, ಬಂದು ತಲುಪಿತು.

ದಕ್ಷಿಣದ ಅಮಾಲ್ಫಿ ತೀರಕ್ಕೂ ಹೋಗುವ ಮನಸ್ಸಿದ್ದರೆ ಅಲ್ಲಿಯೂ ಕಥೆ ಇದೇ. ಪೊಸಿತಾನೊ ಎಂಬ ಊರಿನ ಬಗ್ಗೆ ಅಮೆರಿಕದ ಸಾಹಿತಿ ಜಾನ್ ಸ್ಟೈನ್‌ಬೆಕ್ 1953ರಲ್ಲಿ ಒಂದು ಪ್ರಬಂಧ ಬರೆದರು. ಆಗಿನಿಂದ ಆ ಊರಿಗೆ ಹೋಗುವವರಿಗೆ ಬರವಿಲ್ಲ. ಬಂಡೆಯನ್ನು ಕಡಿದು ಮಾಡಿದ ಒಂದೇ ಒಂದು ಇಕ್ಕಟ್ಟಾದ ರಸ್ತೆ. ನೂಕುನುಗ್ಗಲನ್ನು ತಡೆಯಲು, ಸಂಖ್ಯೆಯ ಕೊನೆಯ ಅಂಕಿ ಸಮವೋ ಬೆಸವೋ ಎಂಬುದನ್ನು ನೋಡಿ ಹೊರಗಿನ ಕಾರುಗಳನ್ನು ದಿನ ಬಿಟ್ಟು ದಿನ ಬಿಡುವ ಪದ್ಧತಿಯನ್ನು 2022ರಲ್ಲಿ ತಂದರು. ಹೊರಡುವ ಮೊದಲು ಆ ವರ್ಷದ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಅಮಾಲ್ಫಿ ಪಟ್ಟಣದಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ಕಾರು ನಿಲ್ಲಿಸುವ ಸ್ಥಳ ಮಾಡಿದ್ದಾರೆ. ಪೊಸಿತಾನೊದಲ್ಲಿ ಖಾಸಗಿ ಗ್ಯಾರೇಜುಗಳಿವೆ, ಬಾಡಿಗೆ ಬಲು ದುಬಾರಿ. ಪೆಟ್ಟಿಗೆ ಹೊರುವ ಹಮಾಲಿಗಳೂ ದೊರೆಯುತ್ತಾರೆ. ಮೊಣಕಾಲ ನೋವಿನವರಿಗೆ ನಾನು ಹೇಳುವುದು ಇಷ್ಟು: ಕಾರನ್ನು ಸಲೆರ್ನೊ ಪಟ್ಟಣದಲ್ಲಿಯೇ ಬಿಟ್ಟು, ಬೇಸಗೆಯಲ್ಲಿ ಓಡಾಡುವ ಹಡಗಿನಲ್ಲಿ ಹೋಗಿ, ಕಡಲ ಅಂಚಿನಲ್ಲಿ ಕುಳಿತು ಊರನ್ನು ಕೆಳಗಿನಿಂದ ನೋಡಿ ಬನ್ನಿ. ಹಾಗೆ ನೋಡಿದರೂ ಊರಿನ ಚೆಲುವು ಕಡಮೆಯಾಗುವುದಿಲ್ಲ.

ತಂದೆತಾಯಿಗಳನ್ನು ಕಾರಿನಲ್ಲಿ ಬಾಗಿಲವರೆಗೂ ಕರೆದೊಯ್ಯಬೇಕೆಂಬುದು ಮಕ್ಕಳ ಪ್ರೀತಿ. ತಾವು ಇನ್ನೂ ನಡೆಯಬಲ್ಲೆವೆಂದು ತೋರಿಸಬೇಕೆಂಬುದು ತಂದೆತಾಯಿಗಳ ಅಭಿಮಾನ. ನಮ್ಮ ಅಮ್ಮನೂ ಎಪ್ಪತ್ತು ಮೆಟ್ಟಿಲವರೆಗೆ ತುಟಿ ಪಿಟ್ಟೆನ್ನಲಿಲ್ಲ. ಆದುದರಿಂದ, ಮಹನೀಯರೇ, ಈ ಅಂಕಣವನ್ನು ತಮ್ಮ ಚಿರಂಜೀವಿಗೂ ಕಳಿಸಿಕೊಡಿ. ಆದರೆ ತಮ್ಮ ಶ್ರೀಮತಿಯವರ ಮೊಣಕಾಲಿನ ಸಂಗತಿಯನ್ನು ಈಗಲೇ, ಕೋಣೆ ಗೊತ್ತು ಮಾಡುವ ಮೊದಲೇ, ತಾವೇ ಬಾಯಿಬಿಟ್ಟು ಅವನಿಗೆ ಹೇಳಿಬಿಡಿ. ಪತ್ರದಲ್ಲಿ ನನಗೆ ಹೇಳಿದ್ದೀರಿ. ಮಗನಿಗೆ ಹೇಳಿದ್ದೀರೋ ಇಲ್ಲವೋ ಎಂಬ ಸಂದೇಹ ನನ್ನದು.