ಸ್ಕ್ರೂ ಆಡುತ್ತಿತ್ತು, ನಾನು ಕೋಡ್ ತಿದ್ದುತ್ತಿದ್ದೆ

"ಅರ್ಧ ಗಂಟೆ ಕೆಲಸಕ್ಕೆ ಐನೂರು ರೂಪಾಯಾ ಅಣ್ಣ?"

ಈ ಮಾತು ಆಡಿದ್ದು ನಾನೇ. ಒಂದು ಸಾಲಿನ ಬಗ್ ಹುಡುಕೋಕೆ ಮೂರು ದಿನ ತಗೊಂಡು, ಅದಕ್ಕೆ ‘ರೂಟ್ ಕಾಸ್ ಅನಾಲಿಸಿಸ್’ ಅಂತ ದೊಡ್ಡ ಹೆಸರಿಟ್ಟು, ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿಸಿಕೊಳ್ಳುವ ಪೈಕಿಯವನು ನಾನು. ಆಮೇಲೆ ನಾಚಿಕೆಯಾಯಿತು. ಆದರೆ ನಾಚಿಕೆ ನನ್ನೊಬ್ಬನಿಗೇ ಯಾಕಾಗಬೇಕು? ನಿಮಗೂ ಸ್ವಲ್ಪ ಆಗಲಿ ಅಂತಲೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಮನೆಯ ಬಾಲ್ಕನಿಯಲ್ಲಿ ಪುಟ್ಟದೊಂದು ಸಿಎನ್‌ಸಿ ಮಿಲ್ಲಿಂಗ್ ಮಷಿನ್ ಕಟ್ಟಿದೆ. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಮರದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಕೊರೆದು ಕೊಡುವ ಯಂತ್ರ. ಅಲ್ಯೂಮಿನಿಯಂ ಚೌಕಟ್ಟು, ಮೂರು ಸ್ಟೆಪ್ಪರ್ ಮೋಟರು, ಮೋಟರು ತಿರುಗಿದಂತೆ ಕಟರನ್ನು ಆಚೀಚೆ ಒಯ್ಯುವ ಮೂರು ಉದ್ದನೆಯ ಸ್ಕ್ರೂ, ಎಲ್ಲದಕ್ಕೂ ಅಪ್ಪಣೆ ಕೊಡೋಕೆ ಒಂದು ಆರ್ಡುಯಿನೊ ಊನೊ. ಕೆಲವು ಸಾಮಾನು ಎಸ್‌ಪಿ ರೋಡಿನಿಂದ ಬಂತು, ಉಳಿದದ್ದು ಆನ್‌ಲೈನಿನಲ್ಲಿ. ಊನೊ ಒಳಗೆ ಓಡುವುದು ಜಿಆರ್‌ಬಿಎಲ್ ಅನ್ನೋ ಉಚಿತ ತಂತ್ರಾಂಶ. 2009ರಲ್ಲಿ ನಾರ್ವೆಯವನೊಬ್ಬ ಶುರು ಮಾಡಿದ್ದು. ಬರೀ 2 ಕೆಬಿ ರ‍್ಯಾಮಿನಲ್ಲಿ ಮೂರು ಮೋಟರನ್ನು ಒಟ್ಟಿಗೆ ಕುಣಿಸುತ್ತದೆ. ಅದರ ಕೋಡ್ ಓದಿ ಮನಸೋತುಹೋದೆ. ತಪ್ಪು ಆಗಿದ್ದೂ ಅಲ್ಲೇ. ಮಷಿನ್ ಅಂದ್ರೆ ಕೋಡ್ ಅಂದುಕೊಂಡುಬಿಟ್ಟೆ.

ಲೆಕ್ಕವೂ ಹಾಗೇ ನಂಬಿಸುತ್ತದೆ. ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರು ಒಂದೊಂದನ್ನೂ 16 ಚೂರು ಮಾಡುತ್ತದೆ. ಒಂದು ಸುತ್ತಿಗೆ ಕಟರು 8 ಮಿ.ಮೀ. ಸರಿಯುತ್ತದೆ. ಅಲ್ಲಿಗೆ ಮಿಲಿಮೀಟರಿಗೆ 400 ಹೆಜ್ಜೆ, ಒಂದು ಹೆಜ್ಜೆ ಅಂದರೆ 2.5 ಮೈಕ್ರಾನ್. ತಲೆಗೂದಲಿಗಿಂತ ಎಷ್ಟೋ ಸಣ್ಣದು!

40 ಮಿ.ಮೀ. ವ್ಯಾಸದ ಬಿಲ್ಲೆಯೊಂದನ್ನು ಕೊರೆಸಿದೆ. ಬಂದದ್ದು ಎಡಬಲಕ್ಕೆ ಚಪ್ಪಟೆಯಾದ ಬಿಲ್ಲೆ. ವರ್ನಿಯರ್ ಹಿಡಿದರೆ ಉದ್ದ ಸರಿಯಿದೆ, ಅಗಲ ಕಮ್ಮಿ. ಮೋಟರು ದಿಕ್ಕು ಬದಲಿಸುವಾಗ ಕಟರು ಸ್ವಲ್ಪ ಹೊತ್ತು ಕದಲದೆ ನಿಲ್ಲುತ್ತಿದೆ, ಅಂದರೆ ಬ್ಯಾಕ್‌ಲ್ಯಾಶ್, ಅಷ್ಟು ಗೊತ್ತಾಯಿತು. ಸ್ಪ್ರಿಂಗ್ ಇರುವ ನಟ್ ಹಾಕಿದೆ, ಪ್ರಯೋಜನವಾಗಲಿಲ್ಲ. ಸರಿ, ನನಗೆ ಗೊತ್ತಿರುವ ವಿದ್ಯೆ ಒಂದೇ. ದಿಕ್ಕು ಬದಲಾದಾಗಲೆಲ್ಲ ಮೋಟರನ್ನು ನಾಲ್ಕು ಹೆಜ್ಜೆ ಜಾಸ್ತಿ ತಿರುಗಿಸುವ ಕೋಡ್ ಬರೆಯೋಕೆ ಕೂತೆ. ಮೂರು ವಾರದ ರಾತ್ರಿಗಳು ಹೋದವು. ಕಟರಿನ ಜಾಗಕ್ಕೆ ಪೆನ್ನು ಕಟ್ಟಿ ಬರೆಸಿದರೆ ವೃತ್ತ ದುಂಡಗೆ ಬರುತ್ತಿತ್ತು. ಕಟರು ಹಾಕಿದ ಕೂಡಲೇ ಮತ್ತದೇ ಕತೆ.

ಕೊನೆಗೆ ಮಷಿನನ್ನು ಆಟೋದಲ್ಲಿ ಹಾಕ್ಕೊಂಡು ಪೀಣ್ಯದ ಒಂದು ಲೇತ್ ಶಾಪಿಗೆ ಹೋದೆ. ಅಲ್ಲಿದ್ದವರು ಐವತ್ತು ದಾಟಿದ, ಐಟಿಐ ಓದಿದ ಫಿಟ್ಟರು. ನಾನು ಲ್ಯಾಪ್‌ಟಾಪ್ ತೆರೆದು ಗ್ರಾಫ್ ತೋರಿಸೋಕೆ ಹೊರಟರೆ ಅವರು ಆ ಕಡೆ ನೋಡಲೂ ಇಲ್ಲ. "ಮೋಟರು ಆನ್ ಮಾಡಿಡಿ ಸಾರ್" ಅಂದವರೇ ಕಟರಿನ ಗಾಡಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಟಕ್, ಟಕ್. ಕಬ್ಬಿಣದ ಮೇಜಿನ ಮೇಲೆ ಡಯಲ್ ಗೇಜ್ ಕೂರಿಸಿ ಮತ್ತೆ ಅಲ್ಲಾಡಿಸಿದರು. ಮುಳ್ಳು 35 ಗೆರೆ ಓಡಿತು. 0.35 ಮಿ.ಮೀ. ನನ್ನ ಲೆಕ್ಕದಲ್ಲಿ 140 ಹೆಜ್ಜೆ!

"ನಟ್ಟಲ್ಲ ಸಾರ್, ಸ್ಕ್ರೂನೇ ಆಡ್ತಿದೆ. ಇದನ್ನ ಉದ್ದಕ್ಕೆ ಹಿಡಿದಿಡೋಕೆ ಏನೂ ಇಲ್ಲ. ಕಪ್ಲಿಂಗ್ ಸ್ಪ್ರಿಂಗ್ ಥರ ಎಳೀತಿದೆ."

ಕೋಡ್ ಯಾಕೆ ಸೋತಿತು ಅಂತ ಆಗ ಅರ್ಥವಾಯಿತು. ಪೆನ್ನಿಗೆ ಭಾರವಿಲ್ಲ. ಕಟರು ಮರವನ್ನು ಕಚ್ಚಿದಾಗ ಸಡಿಲ ಇರುವಷ್ಟು ಜಾಗದಲ್ಲಿ ಅದು ಎಳೆದ ಕಡೆಗೆ ಸ್ಕ್ರೂ ಹೋಗುತ್ತದೆ. ಎತ್ತ ಹೋಗುತ್ತದೆ ಅಂತ ಕೋಡ್ ಹೇಗೆ ಊಹಿಸಬೇಕು? ಅವರು ಸ್ಕ್ರೂವಿನ ತುದಿಯಲ್ಲಿ ಪ್ಲೇಟಿನ ಆಚೆಗೊಂದು ಈಚೆಗೊಂದು ಥ್ರಸ್ಟ್ ಬೇರಿಂಗ್ ಕೂರಿಸಿ, ಕಾಲರ್ ಬಿಗಿದರು. ಮುಳ್ಳು 3 ಗೆರೆಗೆ ನಿಂತಿತು. ಬೇರಿಂಗಿನ ದುಡ್ಡು ಬೇರೆ, ಕೂಲಿ ಐನೂರು. ಆಗ ನಾನಾಡಿದ ಮಾತು ಮೊದಲೇ ಹೇಳಿದ್ದೇನೆ. ಅವರು ವಾದ ಮಾಡಲಿಲ್ಲ. "ಮುನ್ನೂರು ಕೊಡಿ ಸಾರ್" ಅಂದರು. ಕೊಟ್ಟು ಬಂದೆ.

ಸ್ಟೆಪ್ಪರ್ ಮೋಟರಿಗೆ ಒಂದು ಗುಣ ಇದೆ. ಹೇಳಿದಷ್ಟು ಹೆಜ್ಜೆ ಇಟ್ಟೆನೋ ಇಲ್ಲವೋ ಅಂತ ಅದು ವಾಪಸ್ ಹೇಳುವುದಿಲ್ಲ. ಕಟರು ಎಲ್ಲೇ ಸಿಕ್ಕಿಕೊಂಡಿರಲಿ, ಪರದೆ ಮಾತ್ರ ‘ಇಂಥಲ್ಲಿದ್ದೇನೆ’ ಅಂತ ಅಂಕಿ ತೋರಿಸುತ್ತಲೇ ಇರುತ್ತದೆ. ನಾವೂ ಹಾಗೇ ಆಗಿದ್ದೀವಿ. ಡ್ಯಾಶ್‌ಬೋರ್ಡ್ ಹಸಿರಾಗಿದ್ದರೆ ಲೋಕವೂ ನೆಟ್ಟಗಿದೆ ಅಂತ ನಂಬುತ್ತೇವೆ. ಮುಟ್ಟಿ ನೋಡುವವನನ್ನು ‘ಮೆಕ್ಯಾನಿಕ್’ ಅಂತ ಪಕ್ಕಕ್ಕೆ ಸರಿಸುತ್ತೇವೆ.

"ಎನ್‌ಕೋಡರ್ ಇರುವ ಸರ್ವೋ ಮೋಟರು ಹಾಕಿದ್ದರೆ ಮುಗೀತಿತ್ತಲ್ಲ?" ಅಂದ ಆಫೀಸಿನ ಗೆಳೆಯ. ಇಲ್ಲಪ್ಪ, ಮುಗೀತಿರಲಿಲ್ಲ. ಎನ್‌ಕೋಡರ್ ನೋಡುವುದು ಮೋಟರು ಎಷ್ಟು ತಿರುಗಿತು ಅನ್ನೋದನ್ನ. ಮೋಟರಿನಾಚೆ ಸ್ಕ್ರೂ ಆಡುತ್ತಿದ್ದರೆ ಅದಕ್ಕೆ ಗೊತ್ತೇ ಆಗಲ್ಲ. "ಯೂಟ್ಯೂಬಿನಲ್ಲಿ ಎಲ್ಲ ಇದೆ" ಅಂದ ಇನ್ನೊಬ್ಬ. ಇದೆ. ನಾನೂ ನೋಡಿದ್ದೆ. ಆದರೆ ಆ ‘ಟಕ್’ ಬೆರಳಿಗೆ ಗೊತ್ತಾಗೋಕೆ ಬೆರಳು ಮೂವತ್ತು ವರ್ಷ ದುಡಿದಿರಬೇಕು.

ಈ ಧಿಮಾಕು ಬಂದದ್ದು ಎಲ್ಲಿಂದ? ಮೊದಲ ವರ್ಷದ ಬಿಇಯಲ್ಲಿ ನಮಗೂ ವರ್ಕ್‌ಶಾಪ್ ಇತ್ತು. ಅರ ಹಿಡಿದು ಎರಡು ಕಬ್ಬಿಣದ ತುಂಡನ್ನು ಸೇರಿಸಬೇಕಿತ್ತು. ಅಟೆಂಡರ್ ಕೈಗೆ ಒಂದಿಷ್ಟು ದುಡ್ಡು ತುರುಕಿ ಅವರಿಂದಲೇ ಮಾಡಿಸಿಕೊಂಡು ಮಾರ್ಕ್ಸ್ ತಗೊಂಡೆವು. ಎಂಜಿನಿಯರ್ ಆದವರು ನಾವು. ಹಳ್ಳಿಯೇನು ಕಮ್ಮಿ ಅಲ್ಲ. ನಮ್ಮೂರಲ್ಲಿ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ವೈಂಡಿಂಗ್ ಮಾಡುವವನ ದಾರಿಯನ್ನು ಇಡೀ ಊರೇ ಕಾಯುತ್ತಿತ್ತು. "ಓದಲಿಲ್ಲ ಅಂದ್ರೆ ಇವನ ಥರ ಆಗ್ತೀಯ" ಅಂತ ಮಕ್ಕಳನ್ನು ಹೆದರಿಸಿದ್ದೂ ಅದೇ ಊರು. ಬೆಂಗಳೂರೂ ಅಷ್ಟೇ. 1953ರಲ್ಲಿ ಶುರುವಾದ ಎಚ್‌ಎಂಟಿ ಅಂದರೆ ನಮಗೆ ನೆನಪಾಗೋದು ಕೈಗಡಿಯಾರ. ಅದರ ಹೆಸರಿನಲ್ಲಿರೋದು ‘ಮಷಿನ್ ಟೂಲ್ಸ್’ ಅಂತ. ಯಂತ್ರ ಮಾಡುವ ಯಂತ್ರಗಳನ್ನು ಮಾಡಿದ ಊರು ಸ್ವಾಮಿ ಇದು.

ಹಾಗಂತ ಕೆಲಸ ಬಿಟ್ಟು ಲೇತ್ ಹಿಡಿಯಿರಿ ಅಂತ ಹೇಳೋಕೆ ನಾನು ಬಂದಿಲ್ಲ. ಫಿಟ್ಟರಿಗೆ ಕೈಮುಗಿದು, ಫೋಟೋ ತೆಗೆದು ಹಾಕಿ ಅಂತಲೂ ಹೇಳ್ತಿಲ್ಲ. ಹೊಗಳಿಕೆಯಿಂದ ಅವರ ಬಾಡಿಗೆ ಕಟ್ಟೋಕೆ ಆಗಲ್ಲ. ಕೇಳಿದಷ್ಟು ಕೂಲಿ ಕೊಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಬೇಡಿ. ನಮ್ಮ ಸಂಬಳವನ್ನು ಯಾರೂ ಹಾಗೆ ಅಳೆದು ಕೊಡುತ್ತಿಲ್ಲ.

ಮುಂದಿನ ಶನಿವಾರ ಹೋಗಿ ಉಳಿದ ಇನ್ನೂರು ಕೊಟ್ಟೆ. ಅವರು ಎಣಿಸಿ ಜೇಬಿಗೆ ಹಾಕಿಕೊಂಡು, ಮತ್ತೆ ಲೇತಿನ ಕಡೆ ತಿರುಗಿದರು.